ಪುತ್ತೂರು–ವಿಟ್ಲದ ಕೊಕ್ಕೋ ಸೀಮೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ವಿಟ್ಲ, ಅಡ್ಯನಡ್ಕ ಮತ್ತು ಅವುಗಳ ಸುತ್ತಲಿನ ಊರುಗಳಲ್ಲಿ ಅಡಿಕೆ ಮರಗಳ ನಡುವೆ ಕೋಕೋ ಬೆಳೆಯುವ ಪ್ರದೇಶ. ದಕ್ಷಿಣಕ್ಕೆ ಇದು ರಾಜ್ಯದ ಗಡಿ ದಾಟಿ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಕನ್ನಡಿಗ ಕೃಷಿಕರ ತೋಟಗಳವರೆಗೆ ಹಬ್ಬಿದೆ. ಇಲ್ಲಿನವರ ಬಾಯಲ್ಲಿ ಬೆಳೆಯ ಹೆಸರು ‘ಕೊಕ್ಕೋ’. ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ಚಾಕೊಲೇಟು ಕಾರ್ಖಾನೆ ಇರುವುದು ಪುತ್ತೂರಿನ ಕೆಮ್ಮಿಂಜೆಯಲ್ಲಿ. ಬೆಳೆಯ ಸಂಶೋಧನೆ ನಡೆಯುವುದು ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ಆಚೆಯ ವಿಟ್ಲದಲ್ಲಿ. ಕರಾವಳಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಮಂಗಳೂರಿನ ಕಡಲತೀರಕ್ಕೋ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೋ ಹೋಗಿ ಬರುತ್ತಾರೆ. ಅವುಗಳ ನಡುವೆಯೇ ಇರುವ ಈ ಸೀಮೆಯನ್ನು ನೋಡಲೆಂದೇ ಬರುವವರು ಕಡಿಮೆ.

ಬೆಂಗಳೂರಿನ ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆಯವರಿಗೆ ಕೋಕೋ ಮರ ಪರಿಚಿತವಲ್ಲದಿರುವುದು ಸಹಜ. ಕಡಲಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಆ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆಯೂ ಹೆಚ್ಚುಕಡಿಮೆ 900 ಮಿಲಿಮೀಟರ್. ಚಳಿಗಾಲದ ಒಣಗಾಳಿಯೂ ಮರಕ್ಕೆ ಆಗಿಬರುವುದಿಲ್ಲ. ಪುತ್ತೂರಿನಲ್ಲಿ ಮಳೆ 3,500 ಮಿಲಿಮೀಟರ್ ದಾಟುತ್ತದೆ, ವರ್ಷವಿಡೀ ಗಾಳಿಯಲ್ಲಿ ತೇವ ಇರುತ್ತದೆ. ಕೋಕೋಗೆ ಬೇಕಾದ ಸೆಕೆ, ತೇವ, ಅರೆನೆರಳು ಮೂರೂ ಅಡಿಕೆ ತೋಟದೊಳಗೆ ಮೊದಲೇ ಸಿದ್ಧವಾಗಿದ್ದವು.

ತೋಟ

ಇಲ್ಲಿ ಕೊಕ್ಕೋಗೆಂದೇ ಬೇರೆ ತೋಟ ಇರುವುದಿಲ್ಲ. ಅದು ಅಡಿಕೆಯ ಮನೆಯಲ್ಲಿ ಬಿಡಾರ ಮಾಡಿಕೊಂಡ ಬೆಳೆ. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ, ಅಂದರೆ 2.7 × 5.4 ಮೀಟರ್ ಅಂತರದಲ್ಲಿ, ಕೋಕೋ ನೆಡುವುದು ವಿಟ್ಲದ ಸಂಶೋಧನಾ ಕೇಂದ್ರ ಕೊಟ್ಟ ಲೆಕ್ಕ. ಮೇಲಿನ ಅಂತಸ್ತಿನಲ್ಲಿ ಅಡಿಕೆಯ ಸೋಗೆ, ಅದರ ಕಾಂಡಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಕೋಕೋ. ಮರವನ್ನು ಮನಬಂದಂತೆ ಬೆಳೆಯಬಿಟ್ಟರೆ ಅಡಿಕೆಗೆ ತೊಂದರೆ. ಆದ್ದರಿಂದ ಗಿಡ ಆಳೆತ್ತರಕ್ಕೆ ಬಂದು ಬೀಸಣಿಗೆಯಂತೆ ನಾಲ್ಕೈದು ಕೊಂಬೆ ಒಡೆದ ಮೇಲೆ ಕಾಂಡದಿಂದ ನೇರ ಏಳುವ ಚಿಗುರುಗಳನ್ನೆಲ್ಲ ಆಗಾಗ ಚಿವುಟುತ್ತಿರಬೇಕು. ಸವರಿದ ಎಲೆ, ಕೊಂಬೆ ಅಲ್ಲೇ ಬುಡಕ್ಕೆ ಬಿದ್ದು ಕೊಳೆತು ಗೊಬ್ಬರವಾಗುತ್ತದೆ. ಕೊಕ್ಕೋ ಇರುವ ತೋಟದ ನೆಲ ಬೇಸಿಗೆಯಲ್ಲೂ ಕಾಲಿಗೆ ಮೆತ್ತಗೆ ತಾಗುವುದು ಈ ಎಲೆಗಳ ಹಾಸಿನಿಂದ.

ಹೂವು ಅರಳುವುದು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆಯೇ, ಉಗುರಿನಷ್ಟು ಸಣ್ಣದಾಗಿ, ಸಾವಿರಗಟ್ಟಲೆ. ಅವುಗಳಲ್ಲಿ ಕಾಯಿಯಾಗುವುದು ನೂರಕ್ಕೆ ಐದಕ್ಕಿಂತ ಹೆಚ್ಚಿಲ್ಲ. ಪರಾಗಸ್ಪರ್ಶ ಮಾಡುವುದು ಜೇನುನೊಣವಲ್ಲ, ಗುಂಗುರಿಗಿಂತ ಚಿಕ್ಕದಾದ ಫೋರ್ಸಿಪೊಮೈಯಾ ಎಂಬ ಕೀಟ. ಅದು ಮೊಟ್ಟೆಯಿಡುವುದು ಕೊಳೆಯುವ ಎಲೆ ಮತ್ತು ಕಾಯಿಯ ಸಿಪ್ಪೆಯಲ್ಲಿ. ತೋಟವನ್ನು ಅಂಗಳದಂತೆ ಗುಡಿಸಿ ಇಟ್ಟವನಿಗೆ ಕಾಯಿ ಕಡಿಮೆಯಾಗುವುದೂ, ಸೋಮಾರಿಯಂತೆ ಕಂಡ ನೆರೆಮನೆಯವನ ಮರ ತುಂಬ ಕಾಯಿ ಕಚ್ಚುವುದೂ ಇದೇ ಕಾರಣಕ್ಕೆ. ಹೂವು ಹಣ್ಣಾಗಲು 140ರಿಂದ 160 ದಿನ ಬೇಕು. ಒಂದು ಹಣ್ಣಿನಲ್ಲಿ 25ರಿಂದ 45 ಬೀಜ, ಅವುಗಳ ಸುತ್ತ ಬಿಳಿ ಲೋಳೆ. ಹಣ್ಣನ್ನು ಕತ್ತಿಯಿಂದ ಕೊಚ್ಚಬಾರದು, ಬೀಜಕ್ಕೆ ಗಾಯವಾಗುತ್ತದೆ. ಕಲ್ಲಿಗೋ ಮರದ ದಿಮ್ಮಿಗೋ ಬಡಿದು ಒಡೆಯುವುದು ಸರಿಯಾದ ಕ್ರಮ. ಮೊದಲ ಬಾರಿ ತಿನ್ನುವವರಿಗೆ ಆಶ್ಚರ್ಯವಾಗುವುದು ಆ ಲೋಳೆಯಲ್ಲಿ ಚಾಕೊಲೇಟಿನ ಸುಳಿವೇ ಇಲ್ಲದಿರುವುದು. ಅದರ ರುಚಿ ಹುಳಿ ಬೆರೆಸಿದ ಸೀತಾಫಲದಂತೆ. ಬೀಜವನ್ನು ಜಗಿದರೆ ಬರೀ ಕಹಿ, ಒಗರು.

ಶತ್ರುಗಳಿಗೆ ಕೊರತೆಯಿಲ್ಲ. ಇಲಿ, ಅಳಿಲು, ಮಂಗ ಮೂವರೂ ಹಣ್ಣಿನ ಪಾಲುದಾರರು. ಮಳೆಗಾಲದಲ್ಲಿ ಫೈಟೊಫ್ತೊರಾ ಎಂಬ ರೋಗಾಣುವಿನಿಂದ ಕಾಯಿ ಕಪ್ಪಾಗಿ ಕೊಳೆಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವೂ ಇದೇ ಕುಲದ ರೋಗಾಣು. ಹಾಗಾಗಿ ಅಡಿಕೆಗೆ ಬೋರ್ಡೋ ಮದ್ದು ಬಿಡುವಾಗ ಕೊಕ್ಕೋಗೂ ಬಿಡುತ್ತಾರೆ.

ನೀರಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಇಷ್ಟು ಮಳೆಯಾದರೂ ಡಿಸೆಂಬರ್ ಕಳೆದ ಮೇಲೆ ಗುಡ್ಡದ ತೋಟಗಳಿಗೆ ನೀರುಣಿಸದೆ ಆಗದು. ಅಡ್ಯನಡ್ಕ, ಮಾಣಿಲ, ಬಾಯಾರು ಕಡೆ ಜಂಬಿಟ್ಟಿಗೆಯ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಹರಿಸುವ ಸುರಂಗಗಳು ಇಂದಿಗೂ ಬಳಕೆಯಲ್ಲಿವೆ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಈ ಸೀಮೆಗೆ ಬಂದವರು ಕಾರ್ಖಾನೆಗಿಂತ ಮೊದಲು ಒಂದು ಸುರಂಗದ ಬಾಯಲ್ಲಿ ನಿಂತು ನೋಡಬೇಕು. ತೋಟದ ಹಸಿರಿನ ಹಿಂದೆ ಎಷ್ಟು ಮೈಮುರಿಯುವ ದುಡಿತ ಇದೆಯೆಂಬುದು ಅಲ್ಲಿ ಅರ್ಥವಾಗುತ್ತದೆ.

ಬಂದ ಬಗೆ

ಕೋಕೋದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಮೇಲ್ದಂಡೆ. ಭಾರತಕ್ಕೆ ಅದು 1798ರಲ್ಲಿ ಬಂದು ತಮಿಳುನಾಡಿನ ಕುತ್ತಾಲದಲ್ಲಿ ನೆಲೆಯಾಯಿತು. ಆಗ ಬಂದದ್ದು ಕ್ರಿಯೊಲೊ ಎಂಬ ಸೂಕ್ಷ್ಮ ಜಾತಿ. ಒಂದೂವರೆ ಶತಮಾನ ಅದು ತೋಟಗಾರಿಕಾ ಕೇಂದ್ರಗಳ ಅಂಗಳ ದಾಟಲಿಲ್ಲ. 1960ರ ದಶಕದಲ್ಲಿ ಕ್ಯಾಡ್ಬರಿ ಕಂಪನಿ ವಯನಾಡಿನ ಚುಂಡಾಲೆಯಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿತು. 1970ರ ಹೊತ್ತಿಗೆ ವಿಟ್ಲದಲ್ಲಿ ಸಂಶೋಧನೆ ಶುರುವಾಯಿತು. 1956ರಲ್ಲಿ ಅಡಿಕೆಗೆಂದು ಸ್ಥಾಪನೆಯಾಗಿದ್ದ ಆ ಕೇಂದ್ರ ಈಗ ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗ. ಗಟ್ಟಿಮುಟ್ಟಾದ ಫೊರಾಸ್ಟೆರೊ ಜಾತಿಯ ಗಿಡಗಳನ್ನು ಹೊರದೇಶಗಳಿಂದ ತರಿಸಿ, ಅಡಿಕೆಯ ನೆರಳಿನಲ್ಲಿ ಪರೀಕ್ಷಿಸಿ, ವಿಟಿಎಲ್‌ಸಿಎಚ್ ಎಂಬ ಹೆಸರಿನ ಮಿಶ್ರತಳಿಗಳನ್ನೂ ವಿಟಿಎಲ್‌ಸಿಸಿ-1 ಎಂಬ ಕಸಿ ತಳಿಯನ್ನೂ ಅದು ಕೃಷಿಕರಿಗೆ ಕೊಟ್ಟಿತು.

ಎಪ್ಪತ್ತರ ದಶಕದಲ್ಲಿ ಧಾರಣೆ ಚೆನ್ನಾಗಿತ್ತು. ಅಡಿಕೆ ನಂಬಿ ಕೈಸುಟ್ಟುಕೊಂಡಿದ್ದ ಜನ ಕೊಕ್ಕೋ ನೆಟ್ಟರು. 1977ರಲ್ಲಿ ಉತ್ತುಂಗಕ್ಕೇರಿದ ಜಾಗತಿಕ ದರ ಮುಂದೆ ಇಳಿಯತೊಡಗಿತು. 1980ರ ಸುಮಾರಿಗೆ ಇಲ್ಲಿ ಬೀಜ ಕೇಳುವವರೇ ಇಲ್ಲವಾದರು. ಹಣ್ಣು ಮರದಲ್ಲೇ ಕಪ್ಪಾಯಿತು. ಎಷ್ಟೋ ಮಂದಿ ಗಿಡಗಳನ್ನು ಕಡಿದು ಬುಡ ಸಹಿತ ಕಿತ್ತರು. ಕೊಳ್ಳುವವರ ಸಂಖ್ಯೆ ಬೆರಳೆಣಿಕೆಯಷ್ಟಿದ್ದರೆ ಬೆಳೆಯುವವನ ಗತಿ ಏನು ಎಂಬುದನ್ನು ಈ ಸೀಮೆ ಕಲಿತದ್ದು ಆಗ.

ಆದರೆ ಇಲ್ಲಿ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಡಿಕೆ ಧಾರಣೆ ಬಿದ್ದ ಕಷ್ಟದ ದಿನಗಳಲ್ಲಿ, 1973ರ ಜುಲೈ 11ರಂದು, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದ್ದರು. ಅದರ ಸ್ಥಾಪಕ ಅಧ್ಯಕ್ಷರು ಅಡ್ಯನಡ್ಕದ ವಾರಣಾಸಿ ಸುಬ್ರಾಯ ಭಟ್ಟರು. ಅಡಿಕೆಗೆಂದು ಹುಟ್ಟಿದ ಸಂಸ್ಥೆ ಈಗ ಕೊಕ್ಕೋ ಬೀಜ ಕೊಳ್ಳಲು ಮುಂದಾಯಿತು. ಕೊಂಡ ಬೀಜವನ್ನು ಹೊರಗೆ ಮಾರುವುದಷ್ಟೇ ಸಾಲದು, ಸ್ವಂತ ಚಾಕೊಲೇಟು ಮಾಡಿದರೇ ನೆಲೆ ಎಂದು ತೀರ್ಮಾನವಾಯಿತು. ಸಣ್ಣ ಹಿಡುವಳಿಯ ರೈತರ ಸಂಸ್ಥೆಯೊಂದು, ಬಹುರಾಷ್ಟ್ರೀಯ ಕಂಪನಿಗಳೇ ಆಳುತ್ತಿದ್ದ ಉದ್ಯಮಕ್ಕೆ ಕೈಹಾಕುವುದು ಸಣ್ಣ ಧೈರ್ಯವಲ್ಲ. 1986ರ ಸೆಪ್ಟೆಂಬರ್ 1ರಂದು ಕೆಮ್ಮಿಂಜೆಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್. ಕ್ಯಾಂಪ್ಕೋ ಬಾರ್, ಮೆಲ್ಟೋ, ಟರ್ಬೋ ಮೊದಲಾದ ಚಾಕೊಲೇಟುಗಳೂ ‘ವಿನ್ನರ್’ ಪೇಯದ ಪುಡಿಯೂ ಇಲ್ಲಿಂದ ಬರುವಂಥವು. ಕರಾವಳಿಯ ಒಂದು ತಲೆಮಾರಿನ ಮಕ್ಕಳಿಗೆ ಚಾಕೊಲೇಟು ಎಂದರೆ ಮೊದಲು ನೆನಪಾಗುತ್ತಿದ್ದುದು ಇದೇ ಹೆಸರು.

ಹಸಿ ಬೀಜದ ಲೆಕ್ಕ

ಚಾಕೊಲೇಟಿನ ಪರಿಮಳ ಹುಟ್ಟುವುದು ಬೀಜವನ್ನು ಹುದುಗಿಸುವಾಗ. ಲೋಳೆ ಸಹಿತ ಬೀಜವನ್ನು ಮರದ ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ತುಂಬಿ ಬಾಳೆಲೆ, ಗೋಣಿ ಮುಚ್ಚುತ್ತಾರೆ. ಲೋಳೆಯ ಸಕ್ಕರೆ ಮೊದಲು ಮದ್ಯಸಾರವಾಗಿ, ಬಳಿಕ ಹುಳಿಯಾಗಿ ಮಾರ್ಪಡುತ್ತದೆ. ರಾಶಿಯ ಒಳಬಿಸಿ 45 ಡಿಗ್ರಿ ದಾಟುತ್ತದೆ. ಮೂರನೆಯ ಮತ್ತು ಐದನೆಯ ದಿನ ಮಗುಚಬೇಕು. ಆರನೆಯ ದಿನಕ್ಕೆ ಬೀಜದ ಒಳಗಿನ ನೇರಳೆ ಬಣ್ಣ ಕಂದಾಗಿ, ಕಹಿ ತಗ್ಗುತ್ತದೆ. ಆಮೇಲೆ ಬೀಜದ ತೇವ ಆರೇಳು ಶೇಕಡಾಕ್ಕೆ ಇಳಿಯುವವರೆಗೆ ಒಣಗಿಸಬೇಕು.

ಈ ಸೀಮೆಯ ತೊಡಕು ಇರುವುದು ಇಲ್ಲಿಯೇ. ವರ್ಷದ ದೊಡ್ಡ ಕೊಯ್ಲು ಏಪ್ರಿಲಿನಿಂದ ಜೂನ್‌ವರೆಗೆ. ಒಣಗಿಸಲು ಬಿಸಿಲು ಬೇಕಾದಾಗಲೇ ಮುಂಗಾರು ಬಂದು ಕುಳಿತಿರುತ್ತದೆ. ನಾಲ್ಕು ಬುಟ್ಟಿ ಹಣ್ಣು ಕೊಯ್ಯುವ ಸಣ್ಣ ಕೃಷಿಕನಿಗೆ ಮನೆಯಲ್ಲಿ ಹುದುಗಿಸುವುದೂ ಕಷ್ಟ, ರಾಶಿ ಚಿಕ್ಕದಾದರೆ ಬಿಸಿಯೇ ಏರದು. ಆದ್ದರಿಂದ ಹೆಚ್ಚಿನವರು ಬೀಜ ಬಿಡಿಸಿದ ಕೂಡಲೇ ಹಸಿಯಾಗಿಯೇ ಕ್ಯಾಂಪ್ಕೋ ಶಾಖೆಗೆ ಒಯ್ದು ತೂಗುತ್ತಾರೆ; ಹುದುಗಿಸುವುದು, ಒಣಗಿಸುವುದು ಸಂಸ್ಥೆಯ ಹೊಣೆ. ಮೂರು ಕಿಲೋ ಹಸಿ ಬೀಜ ಒಣಗಿದರೆ ಸುಮಾರು ಒಂದು ಕಿಲೋ. ಕೊಕ್ಕೋ ಇಲ್ಲಿ ಉಳಿದದ್ದಕ್ಕೆ ಕಾರ್ಖಾನೆಯಷ್ಟೇ ಕಾರಣ ಈ ಹಸಿ ಬೀಜದ ತಕ್ಕಡಿ. ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ ಕಾಣುತ್ತದೆ. ಕೊಕ್ಕೋ ಕೊಯ್ಲಿನ ತಿಂಗಳುಗಳಲ್ಲಿ ವಾರ ವಾರ ಕೈಗೆ ಬರುತ್ತದೆ.

ಕೆರಿಬಿಯನ್ ದ್ವೀಪಗಳೊಂದಿಗೆ ಹೋಲಿಕೆ

ಮಳೆಯ ಜೊತೆ ಇದೇ ಜಗಳ ಕೆರಿಬಿಯನ್‌ನಲ್ಲೂ ಇದೆ. ಟ್ರಿನಿಡಾಡಿನ ಹಳೆಯ ಕೋಕೋ ಮನೆಗಳಿಗೆ ಸರಿಸಬಹುದಾದ ಮಾಡು. ಮಳೆ ಬಂದರೆ ಮಾಡನ್ನೇ ಎಳೆದು ಬೀಜ ಮುಚ್ಚುತ್ತಾರೆ. ಗ್ರೆನಡಾದಲ್ಲಿ ಬೀಜ ಹರಡಿದ ದೊಡ್ಡ ತಟ್ಟೆಗಳನ್ನು ಹಳಿಯ ಮೇಲೆ ದೂಡಿ ಕಟ್ಟಡದ ಅಡಿಗೆ ಸೇರಿಸುತ್ತಾರೆ, ಬಿಸಿಲಿರುವಾಗ ಹೆಂಗಸರು ಬೀಜದ ನಡುವೆ ಕಾಲೆಳೆದು ನಡೆಯುತ್ತ ಮಗುಚುತ್ತಾರೆ. ಅಲ್ಲಿಯೂ ಬೆಳೆಗಾರರ ಸಂಘ ಹಸಿ ಬೀಜ ಕೊಂಡು ಒಂದೆಡೆ ಹುದುಗಿಸುತ್ತದೆ. 1999ರಲ್ಲಿ ಮಾಟ್ ಗ್ರೀನ್ ಮತ್ತು ಗೆಳೆಯರು ಗ್ರೆನಡಾದ ಹರ್ಮಿಟೇಜ್ ಎಂಬ ಹಳ್ಳಿಯಲ್ಲಿ ಚಾಕೊಲೇಟು ಕಂಪನಿ ತೆರೆದು, ಬೆಳೆದ ಊರಲ್ಲೇ ಚಾಕೊಲೇಟು ಮಾಡಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಪುತ್ತೂರಿನವರು ಅದನ್ನು ಹದಿಮೂರು ವರ್ಷ ಮೊದಲೇ, ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿದ್ದರು. ಆ ಸುದ್ದಿ ಮಾತ್ರ ಬೆಂಗಳೂರಿಗೂ ಸರಿಯಾಗಿ ತಲುಪಿಲ್ಲ.

ವ್ಯತ್ಯಾಸಗಳೂ ಇವೆ. ಟ್ರಿನಿಡಾಡಿನಲ್ಲಿ 1727ರ ಸುಮಾರಿಗೆ ಕ್ರಿಯೊಲೊ ತೋಟಗಳು ನಾಶವಾದ ಬಳಿಕ ಹುಟ್ಟಿದ ಮಿಶ್ರಜಾತಿ ಟ್ರಿನಿಟಾರಿಯೊ. ಅದರ ಪರಿಮಳಕ್ಕೆ ಹೆಚ್ಚಿನ ಬೆಲೆಯುಂಟು. ನಮ್ಮ ಫೊರಾಸ್ಟೆರೊ ಇಳುವರಿಗೆ ಹೆಸರಾದದ್ದು. ಅಲ್ಲಿ ಕೋಕೋಗೆ ನೆರಳು ಕೊಡುವುದು ನಮ್ಮ ಹಾಲಿವಾಣದ ಬಳಗದ ಮರ, ಅದರಿಂದ ಬೇರೆ ವರಮಾನವಿಲ್ಲ. ಇಲ್ಲಿ ನೆರಳು ಕೊಡುವ ಅಡಿಕೆಯೇ ಮನೆ ನಡೆಸುತ್ತದೆ. ಕೊಕ್ಕೋ ದರ ಬಿದ್ದ ವರ್ಷಗಳನ್ನು ಇಲ್ಲಿನ ರೈತ ದಾಟಿದ್ದು ಈ ಬಲದಿಂದ.

ಭೇಟಿ

ಯಶವಂತಪುರದ ಮೂಲಕ ಮಂಗಳೂರಿನತ್ತ ಹೋಗುವ ರೈಲುಗಳು ಹಾಸನ, ಸಕಲೇಶಪುರ ದಾಟಿ, 57 ಸುರಂಗಗಳಿರುವ ಘಟ್ಟ ಇಳಿದು, ಸುಬ್ರಹ್ಮಣ್ಯ ರಸ್ತೆಯ ಬಳಿಕ ಕಬಕ ಪುತ್ತೂರು ನಿಲ್ದಾಣಕ್ಕೆ ಬರುತ್ತವೆ. ಬಸ್ಸಿನ ದಾರಿ ಶಿರಾಡಿ ಘಾಟಿಯಿಂದ ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿಯ ಮೇಲೆ. ಪುತ್ತೂರಿನಿಂದ ವಿಟ್ಲಕ್ಕೆ ಬಸ್ಸುಗಳಿಗೆ ಬರವಿಲ್ಲ.

ಇಲ್ಲಿ ಕೋಕೋ ನೋಡುವವರಿಗೆಂದು ಕಟ್ಟಿದ ರೆಸಾರ್ಟುಗಳ ಸಾಲಿಲ್ಲ, ಅದು ಬೇಕಾಗಿಯೂ ಇಲ್ಲ. ಕಾರ್ಖಾನೆ ಕೆಲಸದ ಜಾಗ. ಒಳಗೆ ನೋಡಬೇಕೆನ್ನುವವರು ಮೊದಲೇ ಅನುಮತಿ ಕೇಳಬೇಕು. ತೋಟ ನೋಡಲು ಪರಿಚಯದ ಒಂದು ಮಾತು ಸಾಕು. ಮನೆಗೆ ಬಂದವರನ್ನು ಮೊದಲು ಕೇಳುವ ಪ್ರಶ್ನೆ ‘ಆಸರಿಗೆ (ಬಾಯಾರಿಕೆಗೆ) ಎಂತ ಬೇಕು?’ ಎಂದು. ಬೆಲ್ಲ, ನೀರು ಬಂದ ಮೇಲೆಯೇ ತೋಟದ ಮಾತು. ಅಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳ, ಬ್ಯಾರಿ ಒಂದೇ ಜಗಲಿಯಲ್ಲಿ ಕೇಳಿಬರುತ್ತವೆ. ಹಣ್ಣು ನೋಡಲು ಸೆಪ್ಟೆಂಬರಿನಿಂದ ಜನವರಿವರೆಗಿನ ಎರಡನೆಯ ಕೊಯ್ಲು ಅನುಕೂಲ. ಆಗ ಅಂಗಳದ ತುಂಬ ಅಡಿಕೆಯೂ ಒಣಗುತ್ತಿರುತ್ತದೆ. ಶಿವರಾಮ ಕಾರಂತರು ಬಹುಕಾಲ ಬಾಳಿದ ಬಾಲವನ, ಮಹಾಲಿಂಗೇಶ್ವರ ದೇವಸ್ಥಾನ, ಗೇರು ಸಂಶೋಧನಾ ನಿರ್ದೇಶನಾಲಯ ಪುತ್ತೂರಿನಲ್ಲೇ ಇವೆ. ಕೃಷಿಕರ ಕೈಗೇ ಲೇಖನಿ ಕೊಟ್ಟ ‘ಅಡಿಕೆ ಪತ್ರಿಕೆ’ಯ ಊರೂ ಇದೇ.

ಇತ್ತೀಚಿನ ಸ್ಥಿತಿ

ಪಶ್ಚಿಮ ಆಫ್ರಿಕದ ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಹವಾಮಾನ ಮತ್ತು ರೋಗದಿಂದ ಬೆಳೆ ಕುಸಿದು, 2024ರಲ್ಲಿ ಜಾಗತಿಕ ದರ ಟನ್ನಿಗೆ 10,000 ಡಾಲರ್ ದಾಟಿತು. ಪುತ್ತೂರಿನಲ್ಲೂ ಹಸಿ ಬೀಜಕ್ಕೆ ಹಿಂದೆಂದೂ ಕಾಣದ ಧಾರಣೆ ಬಂತು. ಹಾಳುಬಿದ್ದ ಮರಗಳನ್ನು ಸವರಿ ಸರಿಮಾಡಿದವರು, ಹೊಸದಾಗಿ ನೆಟ್ಟವರು ಹಲವರು. 2025ರಲ್ಲಿ ದರ ಬಹಳಷ್ಟು ಇಳಿಯಿತು. ಎಂಬತ್ತರ ದಶಕ ನೋಡಿದ ಹಿರಿಯರು ಹೊಸಬರಿಗೆ ಹೇಳುವುದು, ದರ ನೋಡಿ ನೆಡಬೇಡಿ, ಅಡಿಕೆಯ ನಡುವೆ ಜಾಗ ಮತ್ತು ಬೇಸಿಗೆಗೆ ನೀರು ಇದೆಯೇ ನೋಡಿ ನೆಡಿ ಎಂದು. ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ ತಗಲಿರುವ ಈ ದಿನಗಳಲ್ಲಿ ಆ ಮಾತಿಗೆ ಇನ್ನೊಂದು ತೂಕವೂ ಸೇರಿದೆ: ಕೊಕ್ಕೋ ನೆರಳಿಗಾಗಿ ನೆಚ್ಚಿರುವುದು ಅದೇ ಅಡಿಕೆಯನ್ನು. ಮಳೆ ಹಿಡಿದ ಮೇಲೆ ನೆಟ್ಟ ಸಸಿ ಕಾಯಿ ಬಿಡಲು ಸುಮಾರು ಮೂರು ವರ್ಷ ತೆಗೆದುಕೊಳ್ಳುತ್ತದೆ; 2024ರ ಹುರುಪಿನಲ್ಲಿ ನೆಟ್ಟ ಗಿಡಗಳ ಫಸಲು ಶಾಖೆಗಳ ತಕ್ಕಡಿಗೆ ಬರುವುದು 2027ರ ಹೊತ್ತಿಗೆ.