ಉದ್ಯಮಿಯ ಒಳಗಿನ ಅಳುಕು: ಇಂಪೋಸ್ಟರ್ ಸಿಂಡ್ರೋಮ್ ಮೀರುವ ದಾರಿ

ವ್ಯವಹಾರ ಕೈಹಿಡಿದಿದೆ. ಗ್ರಾಹಕರು ಹುಡುಕಿಕೊಂಡು ಬರುತ್ತಿದ್ದಾರೆ. ಹತ್ತು ಮಂದಿಗೆ ಸಂಬಳ ಕೊಡುವಷ್ಟು ಸಂಸ್ಥೆ ಬೆಳೆದಿದೆ. ಆದರೂ ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಒಂದು ಅಳುಕು: 'ಇದು ನನ್ನ ಯೋಗ್ಯತೆಯಿಂದ ಆದದ್ದಲ್ಲ, ಅದೃಷ್ಟ ಕೂಡಿಬಂತು ಅಷ್ಟೆ. ಒಂದಲ್ಲ ಒಂದು ದಿನ ನನ್ನ ಬಣ್ಣ ಬಯಲಾಗುತ್ತದೆ'. ಸಾಧನೆಯ ಪುರಾವೆ ಕಣ್ಣೆದುರಿಗಿದ್ದರೂ ತಾನೊಬ್ಬ ಸೋಗುಗಾರ ಎಂದು ನಂಬುವ ಈ ಮನಃಸ್ಥಿತಿಗೆ 'ಇಂಪೋಸ್ಟರ್ ಸಿಂಡ್ರೋಮ್' ಎಂಬ ಹೆಸರು ಬಳಕೆಯಲ್ಲಿದೆ.

ಹೆಸರಿನ ಮೂಲ

ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಈ ಕುರಿತ ಮೊದಲ ಪ್ರಬಂಧ ಪ್ರಕಟಿಸಿದರು. ಉನ್ನತ ಸಾಧನೆ ಮಾಡಿದ 150ಕ್ಕೂ ಹೆಚ್ಚು ಮಹಿಳೆಯರೊಡನೆ ನಡೆಸಿದ ಸಮಾಲೋಚನೆ ಅದಕ್ಕೆ ಆಧಾರವಾಗಿತ್ತು. ಪುರುಷರಲ್ಲೂ ಈ ಭಾವನೆ ಇರುವುದು ನಂತರದ ಅಧ್ಯಯನಗಳಿಂದ ತಿಳಿದುಬಂತು. 62 ಅಧ್ಯಯನಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಅಳತೆಗೋಲಿಗೆ ಅನುಗುಣವಾಗಿ ಇದರ ಪ್ರಮಾಣ ಶೇ 9ರಿಂದ ಶೇ 82ರವರೆಗೆ ಕಂಡುಬಂದಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದನ್ನು ರೋಗವೆಂದು ಪಟ್ಟಿ ಮಾಡಿಲ್ಲ.

ಅಳುಕಿನ ಬೆಲೆ

ಇಂಥವರು ಹೊಸ ಕೆಲಸ ಎದುರಾದಾಗ ಮಿತಿಮೀರಿ ದುಡಿಯುತ್ತಾರೆ ಇಲ್ಲವೇ ಕೊನೆಯ ಗಳಿಗೆಯವರೆಗೆ ಮುಂದೂಡುತ್ತಾರೆ. ಗೆದ್ದರೆ ಮೊದಲ ಬಗೆಯವರು ಬರೀ ದುಡಿಮೆಯ ಫಲವೆನ್ನುತ್ತಾರೆ, ಎರಡನೆಯವರು ಅದೃಷ್ಟವೆನ್ನುತ್ತಾರೆ. ಎರಡರಲ್ಲೂ ಗೆಲುವು ಸ್ವಂತ ಸಾಮರ್ಥ್ಯದ ಖಾತೆಗೆ ಜಮೆಯಾಗುವುದಿಲ್ಲ. ನೌಕರನಿಗೆ ನೇಮಕಾತಿ ಪತ್ರ, ಬಡ್ತಿಗಳ ಆಸರೆಯಾದರೂ ಇರುತ್ತದೆ. ಉದ್ಯಮಿಗೆ 'ನೀನು ಯೋಗ್ಯ' ಎಂದು ಬರೆದುಕೊಡುವವರಿಲ್ಲ. ಪರಿಣಾಮವಾಗಿ ಸರಕಿಗೆ ನ್ಯಾಯವಾದ ಬೆಲೆ ಹೇಳಲು ನಾಲಿಗೆ ಏಳದು. ಸಾಲಕ್ಕೆ ಅರ್ಜಿ ಹಾಕಲು ಹಿಂಜರಿಕೆ. ಲೆಕ್ಕಪತ್ರ ಅರ್ಥವಾಗದಿದ್ದರೂ ಕೇಳಲು ನಾಚಿಕೆ.

ಸಿಡ್ನಿಯ ನಿದರ್ಶನ

ಆಸ್ಟ್ರೇಲಿಯಾದ ಸಾಫ್ಟ್‌ವೇರ್ ಕಂಪನಿ ಅಟ್ಲಾಸಿಯನ್‌ನ ಸಹಸಂಸ್ಥಾಪಕ ಮೈಕ್ ಕ್ಯಾನನ್-ಬ್ರೂಕ್ಸ್ 2017ರಲ್ಲಿ ಸಾರ್ವಜನಿಕ ಉಪನ್ಯಾಸವೊಂದರಲ್ಲಿ ಈ ಭಾವನೆ ತಮ್ಮನ್ನು ಬಿಟ್ಟಿಲ್ಲವೆಂದು ಒಪ್ಪಿಕೊಂಡರು. 2002ರಲ್ಲಿ ಕ್ರೆಡಿಟ್ ಕಾರ್ಡ್ ಸಾಲದಿಂದ ಆರಂಭವಾಗಿದ್ದ ಕಂಪನಿ 2015ರಲ್ಲೇ ಅಮೆರಿಕದ ನಾಸ್ಡಾಕ್ ಷೇರುಪೇಟೆ ಪ್ರವೇಶಿಸಿತ್ತು. ದಕ್ಷಿಣ ಆಸ್ಟ್ರೇಲಿಯಾದ ವಿದ್ಯುತ್ ಬಿಕ್ಕಟ್ಟಿನ ಬಗ್ಗೆ ಟ್ವಿಟರ್‌ನಲ್ಲಿ ಅವರು ಎತ್ತಿದ ಪ್ರಶ್ನೆಗೆ, 100 ದಿನಗಳಲ್ಲಿ ಬ್ಯಾಟರಿ ಸ್ಥಾವರ ನಿರ್ಮಿಸುವುದಾಗಿ ಎಲಾನ್ ಮಸ್ಕ್ ಉತ್ತರಿಸಿದ್ದರು. ಇಂಧನ ಕ್ಷೇತ್ರದ ಗಂಧವಿಲ್ಲದ ಕ್ಯಾನನ್-ಬ್ರೂಕ್ಸ್ ದಿಗಿಲುಗೊಂಡರೂ ಹಿಂದೆ ಸರಿಯದೆ ತಜ್ಞರಿಂದ ಪಾಠ ಕಲಿಯತೊಡಗಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ 100 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಅಲ್ಲಿ ಕಾರ್ಯಾರಂಭ ಮಾಡಿತು. ತನ್ನನ್ನೇ ಶಂಕಿಸುವ ಬದಲು ತನ್ನ ತಿಳಿವಳಿಕೆಯನ್ನು ಶಂಕಿಸಬೇಕು ಎಂಬುದು ಅವರ ಮಾತಿನ ಸಾರ.

ಹೊರಗಿನ ಅಪನಂಬಿಕೆ ಬೇರೆ

ಎಲ್ಲ ಅಳುಕೂ ಒಳಗಿನಿಂದ ಹುಟ್ಟುವುದಿಲ್ಲ. ಕ್ಲಾನ್ಸ್ ಮತ್ತು ಐಮ್ಸ್ ಪ್ರಬಂಧ ಪ್ರಕಟವಾದ 1978ರಲ್ಲೇ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಷಾ 10 ಸಾವಿರ ರೂಪಾಯಿ ಬಂಡವಾಳದೊಂದಿಗೆ ಬಯೋಕಾನ್ ಆರಂಭಿಸಿದರು. ಆಗ ಅವರಿಗೆ 25 ವರ್ಷ. ಯುವತಿ, ಕೇಳರಿಯದ ಕ್ಷೇತ್ರ ಎಂಬ ಕಾರಣಕ್ಕೆ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದವು. ಅದು ಅವರ ಮನಸ್ಸಿನ ದೋಷವಲ್ಲ, ವ್ಯವಸ್ಥೆಯ ದೋಷ. ಬೇರೆಯವರ ಪೂರ್ವಗ್ರಹಕ್ಕೆ ಮಹಿಳೆಯರ ಆತ್ಮವಿಶ್ವಾಸವನ್ನು ದೂರುವುದು ತಪ್ಪೆಂದು ರುಚಿಕಾ ತುಳಸ್ಯಾನ್ ಮತ್ತು ಜೋಡಿ-ಆನ್ ಬ್ಯೂರಿ 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ವಾದಿಸಿದರು.

ಪಾರಾಗುವ ಬಗೆ

* ಮರಳಿ ಬಂದ ಗ್ರಾಹಕರು, ಸಕಾಲಕ್ಕೆ ತೀರಿದ ಕಂತುಗಳು, ಪರಿಹರಿಸಿದ ತೊಡಕುಗಳು - ಇವನ್ನು ಬರೆದಿಡಬೇಕು. ಅಳುಕು ಕಾಡಿದಾಗ ಮನಸ್ಸಿನ ಮಾತಿಗಿಂತ ಪುಸ್ತಕದ ಮಾತಿಗೆ ಬೆಲೆ ಕೊಡಬೇಕು.

* ಭಾವನೆಯನ್ನೂ ಕೊರತೆಯನ್ನೂ ಬೇರ್ಪಡಿಸಬೇಕು. ಜಿಎಸ್‌ಟಿ ಲೆಕ್ಕ ಬಾರದಿದ್ದರೆ ಅದು ಅಯೋಗ್ಯತೆಯಲ್ಲ. ಕಲಿಯಬೇಕಾದ ಅಥವಾ ತಿಳಿದವರಿಗೆ ಒಪ್ಪಿಸಬೇಕಾದ ಕೆಲಸ.

* ಬೆಲೆಯನ್ನು ವೆಚ್ಚ ಮತ್ತು ಮಾರುಕಟ್ಟೆ ನೋಡಿ ನಿಗದಿ ಮಾಡಬೇಕೇ ಹೊರತು ಅಂದಿನ ಧೈರ್ಯ ನೋಡಿ ಅಲ್ಲ.

* ಸಮಾನಸ್ಥ ಉದ್ಯಮಿಗಳೊಡನೆ ಮನಬಿಚ್ಚಿ ಮಾತನಾಡಬೇಕು. ಕ್ಲಾನ್ಸ್ ಮತ್ತು ಐಮ್ಸ್ ಕೂಡ ಗುಂಪು ಚಿಕಿತ್ಸೆಯನ್ನೇ ಶಿಫಾರಸು ಮಾಡಿದ್ದರು. ತನ್ನೊಬ್ಬನದೇ ಎಂದುಕೊಂಡ ಗುಟ್ಟು ಹಲವರದೆಂದು ತಿಳಿದಾಗ ಅದರ ಭಾರ ಇಳಿಯುತ್ತದೆ.

* ನಿದ್ರೆ, ಹಸಿವು ಕೆಡುವಷ್ಟು ಆತಂಕವಿದ್ದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ.

ಎಲ್ಲ ತಿಳಿದವರಂತೆ ನಟಿಸುವುದು ಇದಕ್ಕೆ ಮದ್ದಲ್ಲ. ಅದು ಇಲ್ಲದ ಸೋಗನ್ನು ನಿಜ ಮಾಡಿಕೊಂಡಂತೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ, ಗೊತ್ತಿರುವುದಕ್ಕೆ ತಕ್ಕ ಬೆಲೆ ಕೇಳುವ ಉದ್ಯಮಿಗೆ ಬಣ್ಣ ಬಯಲಾದೀತೆಂಬ ಭಯಕ್ಕೆ ಕಾರಣ ಉಳಿಯುವುದಿಲ್ಲ.