ಗಡಿ ದಾಟುವ ಸಂದೇಶಗಳು: ಮ್ಯಾನೇಜ್ಡ್ ಕೋಡ್ ಮತ್ತು ನೇಟಿವ್ ಲೈಬ್ರರಿಗಳ ನಂಟಿನ ಇತಿಹಾಸ

ಇಂದು ಅನೇಕ ಕಾಲೇಜುಗಳಲ್ಲಿ ಭೌತವಿಜ್ಞಾನ, ಗಣಿತಗಳನ್ನು ಕಲಿಸಲು ಜುಪಿಟರ್ ನೋಟ್‌ಬುಕ್ ಬಳಸುತ್ತಾರೆ. ವಿದ್ಯಾರ್ಥಿಯು ಒಂದು ಸೂತ್ರವನ್ನು ಟೈಪು ಮಾಡಿ ಕೀಲಿ ಒತ್ತಿದರೆ ಉತ್ತರ ಅದರ ಕೆಳಗೇ ಮೂಡುತ್ತದೆ. ಲೆಕ್ಕ ಮಾಡುವ ಪೈಥಾನ್ ಕ್ರಮವಿಧಿ ಮತ್ತು ನೋಟ್‌ಬುಕ್ ಸರ್ವರ್ ಎರಡೂ ಬೇರೆ ಬೇರೆ. ಅವುಗಳ ನಡುವೆ ಸಂದೇಶಗಳನ್ನು ಸಾಗಿಸುವುದು ಝೀರೋಎಂಕ್ಯೂ ಎಂಬ ಲೈಬ್ರರಿ. ಈ ಲೈಬ್ರರಿಯನ್ನು ಬರೆದಿರುವುದು ಪೈಥಾನ್‌ನಲ್ಲಲ್ಲ, ಸಿ++ ಭಾಷೆಯಲ್ಲಿ. ಹಾಗಾದರೆ ಒಂದು ಭಾಷೆಯ ಕ್ರಮವಿಧಿ ಇನ್ನೊಂದು ಭಾಷೆಯ ಲೈಬ್ರರಿಯನ್ನು ಕರೆಯುವುದು ಹೇಗೆ? ಸುಲಭವೆಂದು ತೋರುವ ಈ ಪ್ರಶ್ನೆಗೆ ಉತ್ತರ ಹುಡುಕಲು ತಂತ್ರಜ್ಞರು ಕಾಲು ಶತಮಾನಕ್ಕೂ ಹೆಚ್ಚು ಕಾಲ ಶ್ರಮಿಸಿದ್ದಾರೆ.

ಎರಡು ಲೋಕಗಳು

ಸಿ ಅಥವಾ ಸಿ++ ಭಾಷೆಯಲ್ಲಿ ಬರೆದ ಕ್ರಮವಿಧಿಯು ಪ್ರೊಸೆಸರಿನ ಸ್ವಂತ ಆದೇಶಗಳಾಗಿ ಮಾರ್ಪಟ್ಟು ನೇರವಾಗಿ ಓಡುತ್ತದೆ. ಇದನ್ನು ನೇಟಿವ್ ಕೋಡ್ ಎನ್ನುತ್ತಾರೆ. ಇಲ್ಲಿ ಮೆಮೊರಿಯನ್ನು ಪಡೆಯುವುದೂ ಹಿಂದಿರುಗಿಸುವುದೂ ಕ್ರಮವಿಧಿ ಬರೆದವರದೇ ಹೊಣೆ. ಇದಕ್ಕೆ ಬದಲಾಗಿ, ಬಳಕೆ ಮುಗಿದ ಮೆಮೊರಿಯನ್ನು ಗಣಕವೇ ಗುರುತಿಸಿ ಮರಳಿ ಪಡೆಯುವ 'ಗಾರ್ಬೇಜ್ ಕಲೆಕ್ಷನ್' ವಿಧಾನವನ್ನು ಜಾನ್ ಮೆಕಾರ್ಥಿಯವರು 1959ರ ಸುಮಾರಿಗೆ ಲಿಸ್ಪ್ ಭಾಷೆಗಾಗಿ ರೂಪಿಸಿದರು. 1996ರಲ್ಲಿ ಬಂದ ಜಾವಾ, 2002ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಎರಡೂ ಈ ವಿಧಾನವನ್ನು ಜನಪ್ರಿಯಗೊಳಿಸಿದವು. ಒಂದು ಮೇಲ್ವಿಚಾರಕ ವ್ಯವಸ್ಥೆಯ ಅಧೀನದಲ್ಲಿ ಓಡುವ ಇಂಥ ಕ್ರಮವಿಧಿಗಳಿಗೆ ಮೈಕ್ರೋಸಾಫ್ಟ್ 'ಮ್ಯಾನೇಜ್ಡ್ ಕೋಡ್' ಎಂದು ಹೆಸರಿಟ್ಟಿತು. ಪೈಥಾನ್‌ಗೆ ಈ ಹೆಸರಿನ ರೂಢಿ ಇಲ್ಲವಾದರೂ ಅಲ್ಲಿಯೂ ಮೆಮೊರಿಯ ಲೆಕ್ಕ ಇಡುವುದು ಭಾಷೆಯೇ.

ಮೇಲ್ವಿಚಾರಕನಿಗೆ ಒಂದು ವಿಶೇಷ ಅಧಿಕಾರವಿದೆ. ಮೆಮೊರಿಯಲ್ಲಿ ಅಲ್ಲಲ್ಲಿ ಉಳಿದ ಖಾಲಿ ಜಾಗಗಳನ್ನು ಒಟ್ಟುಗೂಡಿಸಲು ಜಾವಾ ಮತ್ತು ಡಾಟ್‌ನೆಟ್‌ಗಳ ಕಲೆಕ್ಟರ್ ದತ್ತಾಂಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಬಲ್ಲದು. ಒಳಗಿರುವ ಕ್ರಮವಿಧಿಗೆ ಇದು ತಿಳಿಯುವುದೇ ಇಲ್ಲ. ಆದರೆ ಹೊರಗಿನ ನೇಟಿವ್ ಲೈಬ್ರರಿಗೆ ನಾವು ಕೊಟ್ಟಿರುವುದು ಹಳೆಯ ವಿಳಾಸ. ಮನೆ ಬದಲಾಯಿಸಿದ ಮೇಲೂ ಹಳೆಯ ಮನೆಗೇ ಅಂಚೆ ಬಂದಂತೆ, ಅದು ಬೇರೆ ಯಾರದೋ ಮೆಮೊರಿಯಲ್ಲಿ ಬರೆದುಬಿಡಬಹುದು.

ಮೊದಲ ಸೇತುವೆ, ಮೊದಲ ವ್ಯಾಜ್ಯ

ಜಾವಾದ ಮೊದಲ ಆವೃತ್ತಿಯಲ್ಲಿ ನೇಟಿವ್ ಕೋಡ್ ಜಾವಾ ವಸ್ತುಗಳ ಒಳರಚನೆಯನ್ನೇ ನೇರವಾಗಿ ನೋಡುತ್ತಿತ್ತು. ಒಳರಚನೆ ಬದಲಾದರೆ ಲೈಬ್ರರಿ ಕೆಡುತ್ತಿತ್ತು. 1997ರಲ್ಲಿ ಜೆಡಿಕೆ 1.1ರೊಂದಿಗೆ ಬಂದ ಜೆಎನ್‌ಐ ಈ ತೊಂದರೆಯನ್ನು ನಿವಾರಿಸಿತು. ಇಲ್ಲಿ ನೇಟಿವ್ ಕೋಡ್‌ಗೆ ವಿಳಾಸದ ಬದಲು ಒಂದು ಪರೋಕ್ಷ ಗುರುತನ್ನು, ಒಂದು ರೀತಿಯ ಟೋಕನ್ ಅನ್ನು ಕೊಡಲಾಗುತ್ತದೆ. ವಸ್ತು ಎಲ್ಲಿಗೆ ಸರಿದರೂ ಟೋಕನ್ ಬದಲಾಗುವುದಿಲ್ಲ.

ಮೈಕ್ರೋಸಾಫ್ಟ್ ತನ್ನ ಜಾವಾದಲ್ಲಿ ಜೆಎನ್‌ಐ ಸೇರಿಸದೆ ತನ್ನದೇ ವಿಧಾನಗಳನ್ನು ಬಳಸಿತು. 1997ರ ಅಕ್ಟೋಬರಿನಲ್ಲಿ ಸನ್ ಸಂಸ್ಥೆ ನ್ಯಾಯಾಲಯಕ್ಕೆ ಹೋದಾಗ ಅದರ ದೂರುಗಳಲ್ಲಿ ಇದೂ ಒಂದಾಗಿತ್ತು. 2001ರಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸೇತುವೆ ಯಾರದು ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ ಎಂಬುದಕ್ಕೆ ಇದೇ ನಿದರ್ಶನ. ಮುಂದೆ ಡಾಟ್‌ನೆಟ್‌ನಲ್ಲಿ ಮೈಕ್ರೋಸಾಫ್ಟ್ ಪಿ-ಇನ್ವೋಕ್ ಎಂಬ ಸರಳ ವಿಧಾನ ತಂದಿತು. ಲೈಬ್ರರಿಯ ಹೆಸರನ್ನೂ ಫಂಕ್ಷನ್ನಿನ ರೂಪವನ್ನೂ ಸಿ# ಭಾಷೆಯಲ್ಲೇ ಘೋಷಿಸಿದರೆ ಸಾಕು. ಉಳಿದ ಪರಿವರ್ತನೆಯನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತದೆ.

ಝೀರೋಎಂಕ್ಯೂ ಬಂದದ್ದು

ಬೆಲ್ಜಿಯಂನ ಐಮ್ಯಾಟಿಕ್ಸ್ ಸಂಸ್ಥೆಯು ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನೊಂದಿಗೆ ಸೇರಿ ಎಎಂಕ್ಯೂಪಿ ಎಂಬ ಸಂದೇಶ ನಿಯಮಾವಳಿಯನ್ನು ರೂಪಿಸಿತ್ತು. ಅದೇ ಸಂಸ್ಥೆಯ ಪೀಟರ್ ಹಿಂಜೆನ್ಸ್ ಮತ್ತು ಮಾರ್ಟಿನ್ ಸುಸ್ಟ್ರಿಕ್ 2007ರಲ್ಲಿ ಝೀರೋಎಂಕ್ಯೂ ಕೆಲಸ ಆರಂಭಿಸಿದರು. ನಡುವೆ ಸಂದೇಶಗಳನ್ನು ಸಂಗ್ರಹಿಸಿ ಹಂಚುವ ಪ್ರತ್ಯೇಕ ಸರ್ವರ್ ಬೇಡ, ಲೈಬ್ರರಿಯೇ ಸಾಕು ಎಂಬುದು ಅವರ ವಿಚಾರ. ಒಳಗೆ ಸಿ++ ಇದ್ದರೂ ಹೊರಮುಖಕ್ಕೆ ಅವರು ಸಿ ಭಾಷೆಯನ್ನೇ ಆರಿಸಿಕೊಂಡರು. ಸಿ++ನಲ್ಲಿ ಫಂಕ್ಷನ್‌ಗಳ ಹೆಸರನ್ನು ಒಂದೊಂದು ಕಂಪೈಲರ್ ಒಂದೊಂದು ರೀತಿ ಮಾರ್ಪಡಿಸಬಹುದು. ಸಿ ಭಾಷೆಯ ಕರೆಯ ಕ್ರಮ ಮಾತ್ರ ಆಯಾ ಗಣಕದಲ್ಲಿ ನೆಲೆಗೊಂಡಿದೆ. ಹೀಗಾಗಿ ಭಾಷೆ ಭಾಷೆಗಳ ನಡುವೆ ಸಿ ಸಂಪರ್ಕ ಭಾಷೆಯಾಗಿ ನಿಂತಿದೆ. ಇದರ ಮೇಲೆ ಜಾವಾಕ್ಕೆ ಜೆಝಡ್‌ಎಂಕ್ಯೂ, ಡಾಟ್‌ನೆಟ್‌ಗೆ ಸಿಎಲ್‌ಆರ್‌ಝಡ್‌ಎಂಕ್ಯೂ, ಪೈಥಾನ್‌ಗೆ ಪೈಝಡ್‌ಎಂಕ್ಯೂ ಎಂಬ ಸೇತುವೆಗಳು ಎದ್ದವು.

ಗಡಿಯಲ್ಲಿನ ತೊಡಕುಗಳು

ಮೊದಲನೆಯದು ಅಳತೆಯ ತೊಡಕು. ಝೀರೋಎಂಕ್ಯೂ ಸಂದೇಶವನ್ನು ಹಿಡಿದಿಡುವ ರಚನೆಯ ಗಾತ್ರ 4.0ನೇ ಆವೃತ್ತಿಯಲ್ಲಿ 32 ಬೈಟ್ ಇತ್ತು, 4.3ರಲ್ಲಿ ಅದು 64 ಬೈಟ್. ಸಿ ಭಾಷೆಯ ಕ್ರಮವಿಧಿಯನ್ನು ಮತ್ತೆ ಕಂಪೈಲ್ ಮಾಡಿದರೆ ಹೊಸ ಗಾತ್ರ ತಾನಾಗಿಯೇ ಬರುತ್ತದೆ. ಆದರೆ ಸಿ# ಕ್ರಮವಿಧಿಯಲ್ಲಿ 32 ಎಂದು ಬರೆದಿಟ್ಟಿದ್ದರೆ, ಹೊಸ ಲೈಬ್ರರಿಯು ಪಕ್ಕದ 32 ಬೈಟ್‌ಗಳ ಮೇಲೂ ಬರೆಯಬಹುದು. ದೋಷ ತಕ್ಷಣ ಕಾಣದೆ, ಸಂಬಂಧವೇ ಇಲ್ಲದ ಜಾಗದಲ್ಲಿ ಕ್ರಮವಿಧಿ ಕುಸಿಯಬಹುದು.

ಎರಡನೆಯದು ಅಕ್ಷರಗಳ ತೊಡಕು. ಜಾವಾ ಮತ್ತು ಡಾಟ್‌ನೆಟ್‌ಗಳು ಪಠ್ಯವನ್ನು ಯುಟಿಎಫ್-16 ಕ್ರಮದಲ್ಲಿ ಕಾಣುತ್ತವೆ. ಝೀರೋಎಂಕ್ಯೂಗೆ ಅಕ್ಷರಗಳೇ ಗೊತ್ತಿಲ್ಲ, ಅದಕ್ಕೆ ತಿಳಿದಿರುವುದು ಬೈಟ್‌ಗಳು ಮಾತ್ರ. 'ಕನ್ನಡ' ಎಂಬ ಪದವನ್ನೇ ನೋಡಿ. ಕ, ನ, ವಿರಾಮಚಿಹ್ನೆ (್), ನ, ಡ ಎಂದು ಯೂನಿಕೋಡ್‌ನಲ್ಲಿ ಇದಕ್ಕೆ 5 ಸಂಕೇತಗಳು. ಯುಟಿಎಫ್-16ರಲ್ಲಿ ಇವು 10 ಬೈಟ್, ಯುಟಿಎಫ್-8ರಲ್ಲಿ 15 ಬೈಟ್. ಅಕ್ಷರ ಎಣಿಸಿ ಬೈಟ್ ಕಳುಹಿಸಿದರೆ ಪದ ಅರ್ಧಕ್ಕೇ ತುಂಡಾಗುತ್ತದೆ. ಪಿ-ಇನ್ವೋಕ್‌ನಲ್ಲಿ ಬೇರೇನೂ ಸೂಚಿಸದಿದ್ದರೆ ಪಠ್ಯವು ಆನ್ಸಿ ಕ್ರಮಕ್ಕೆ ಮಾರ್ಪಡುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆಂದು ಆನ್ಸಿ ಅಕ್ಷರಪಟ್ಟಿಯೇ ಇಲ್ಲದ್ದರಿಂದ, ಸಾಮಾನ್ಯ ಹೊಂದಿಕೆಯಲ್ಲಿ ಆ ಕಡೆ ತಲುಪುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು! ಇಂಗ್ಲಿಷ್ ಪಠ್ಯದಿಂದಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ.

ಮೂರನೆಯದು ಒಡೆತನದ ತೊಡಕು, ಎಲ್ಲಕ್ಕಿಂತ ಕಠಿಣವಾದುದು. ದೊಡ್ಡ ಸಂದೇಶವನ್ನು ನಕಲು ಮಾಡದೆ ಕಳುಹಿಸಬೇಕಾದರೆ, ಲೈಬ್ರರಿ ತನ್ನ ಕೆಲಸ ಮುಗಿಸುವವರೆಗೆ ಆ ಮೆಮೊರಿ ಹಾಗೆಯೇ ಉಳಿದಿರಬೇಕು. ಕೆಲಸ ಮುಗಿದಾಗ ಝೀರೋಎಂಕ್ಯೂ ನಾವು ಕೊಟ್ಟ ಒಂದು ಫಂಕ್ಷನ್ ಅನ್ನು ಕರೆದು ಬಿಡುಗಡೆಯ ಸೂಚನೆ ಕೊಡುತ್ತದೆ. ಆದರೆ ಆ ಕರೆ ಲೈಬ್ರರಿಯ ಯಾವ ಥ್ರೆಡ್‌ನಿಂದಲಾದರೂ ಬರಬಹುದು. ಸಾಮಾನ್ಯ ಪೈಥಾನ್‌ನಲ್ಲಿ ಒಮ್ಮೆಗೆ ಒಂದೇ ಥ್ರೆಡ್ ಓಡಬೇಕೆಂಬ ಬೀಗವಿದೆ. ಲೈಬ್ರರಿಯ ಥ್ರೆಡ್ ಈ ಬೀಗಕ್ಕಾಗಿ ಕಾದು ನಿಂತರೆ ಸಂದೇಶ ಸಾಗಣೆಯೇ ನಿಲ್ಲುತ್ತದೆ. ಪೈಝಡ್‌ಎಂಕ್ಯೂ ತಂಡ ಕಂಡುಕೊಂಡ ಉಪಾಯ ಸೊಗಸಾಗಿದೆ. ಬಿಡುಗಡೆಯ ಫಂಕ್ಷನ್ ಪೈಥಾನ್ ಅನ್ನು ಮುಟ್ಟುವುದೇ ಇಲ್ಲ. ಅದು ಝೀರೋಎಂಕ್ಯೂ ಮೂಲಕವೇ ಒಂದು ಪುಟ್ಟ ಸಂದೇಶ ಕಳುಹಿಸುತ್ತದೆ. ಅದಕ್ಕಾಗಿ ಕಾದಿರುವ ಪೈಥಾನ್ ಥ್ರೆಡ್ ಮೆಮೊರಿಯನ್ನು ಬಿಡುತ್ತದೆ.

ಸೇತುವೆಯಿಲ್ಲದ ದಾರಿ

ಇಷ್ಟೆಲ್ಲ ತೊಡಕಿದ್ದರೆ ಗಡಿ ದಾಟುವುದೇ ಏಕೆ ಎಂದು ಕೇಳಬಹುದು. ಐಬಿಎಂ 1993ರಲ್ಲಿ ತಂದ ಎಂಕ್ಯೂಸೀರೀಸ್‌ಗೆ ಮುಂದೆ ಜಾವಾ ಸಂಪರ್ಕ ಒದಗಿಸಿದಾಗ ಎರಡೂ ದಾರಿ ತೆರೆದಿಟ್ಟಿತ್ತು. ಒಂದೇ ಗಣಕದೊಳಗಾದರೆ ಜೆಎನ್‌ಐ ಸೇತುವೆ. ಇಲ್ಲವೇ ಶುದ್ಧ ಜಾವಾದಲ್ಲಿ ಬರೆದ, ಜಾಲದ ಮೂಲಕ ಮಾತಾಡುವ ಕ್ರಮವಿಧಿ. ಝೀರೋಎಂಕ್ಯೂ ಬಳಗವೂ ಈ ಎರಡನೆಯ ದಾರಿ ಹಿಡಿಯಿತು. ಇಡೀ ಲೈಬ್ರರಿಯನ್ನು ಜಾವಾದಲ್ಲಿ ಜೆರೋಎಂಕ್ಯೂ ಎಂದೂ, ಸಿ#ನಲ್ಲಿ ನೆಟ್‌ಎಂಕ್ಯೂ ಎಂದೂ ಮತ್ತೆ ಬರೆಯಲಾಯಿತು.

ಇದು ಸಾಧ್ಯವಾದದ್ದು ಸಂದೇಶಗಳು ತಂತಿಯ ಮೇಲೆ ಹೇಗೆ ಸಾಗಬೇಕೆಂಬುದನ್ನು ಝಡ್‌ಎಂಟಿಪಿ ಎಂಬ ನಿಯಮಾವಳಿಯಾಗಿ ಬರೆದು ಪ್ರಕಟಿಸಿದ್ದರಿಂದ. ಅದರ 3.0ನೇ ಆವೃತ್ತಿಯಲ್ಲಿ ಎರಡೂ ಕಡೆಯವರು ಮೊದಲು 64 ಬೈಟ್‌ಗಳ ಪರಿಚಯ ಕಳುಹಿಸಬೇಕು. ಈ 64ಕ್ಕೂ ಮೇಲೆ ಹೇಳಿದ 64ಕ್ಕೂ ಬಹಳ ವ್ಯತ್ಯಾಸವಿದೆ. ಅದು ಲೈಬ್ರರಿಯ ಮನೆಯೊಳಗಿನ ಸಂಗತಿ, ಹೇಳದೆ ಬದಲಾಗಬಹುದು. ಇದು ಎಲ್ಲರ ಎದುರು ಆದ ಒಪ್ಪಂದ.

ಜಿನೀವಾದ ಸರ್ನ್ ಸಂಸ್ಥೆ 2011ರಲ್ಲಿ ಹಲವು ಲೈಬ್ರರಿಗಳನ್ನು ಹೋಲಿಸಿ ನೋಡಿ, ವೇಗವರ್ಧಕಗಳ ನಿಯಂತ್ರಣದಲ್ಲಿದ್ದ ಕಾರ್ಬಾ ವ್ಯವಸ್ಥೆಗೆ ಬದಲಾಗಿ ಝೀರೋಎಂಕ್ಯೂ ಆರಿಸಿಕೊಂಡಿತು. ಅಲ್ಲಿ ಉಪಕರಣಗಳ ಬಳಿಯ ಗಣಕಗಳಲ್ಲಿ ಸಿ++, ನಿಯಂತ್ರಣ ಕೊಠಡಿಯ ತಂತ್ರಾಂಶದಲ್ಲಿ ಜಾವಾ. ಎರಡೂ ಲೋಕಗಳು ದಿನವೂ ಮಾತಾಡಲೇಬೇಕಾದ ಜಾಗ ಅದು.

ಸೇತುವೆಗಳೂ ಸುಧಾರಿಸಿವೆ. 2022ರ ಡಾಟ್‌ನೆಟ್ 7ರಲ್ಲಿ ಪರಿವರ್ತನೆಯ ಕೋಡ್ ಕಂಪೈಲ್ ಮಾಡುವಾಗಲೇ ಸಿದ್ಧವಾಗುವ ಸೌಲಭ್ಯ ಬಂದಿತು. 2024ರ ಮಾರ್ಚಿನಲ್ಲಿ ಬಂದ ಜಾವಾ 22ರಲ್ಲಿ ಸಿ ಭಾಷೆಯ ಒಂದು ಸಾಲನ್ನೂ ಬರೆಯದೆ ನೇಟಿವ್ ಫಂಕ್ಷನ್‌ಗಳನ್ನು ಕರೆಯುವ ವಿಧಾನ ಅಂತಿಮಗೊಂಡಿತು. ಹೊರಗಿನ ಮೆಮೊರಿಯ ಪ್ರತಿ ತುಣುಕಿಗೂ ಅಲ್ಲಿ ಗಾತ್ರ ಮತ್ತು ಆಯುಷ್ಯ ಎರಡೂ ನಿಗದಿಯಾಗಿವೆ. ಆದರೂ ನೇಟಿವ್ ಫಂಕ್ಷನ್ನಿನ ರೂಪವನ್ನು ತಪ್ಪಾಗಿ ವಿವರಿಸಿದರೆ ಕುಸಿತ ತಪ್ಪಿದ್ದಲ್ಲ.

ಮ್ಯಾನೇಜ್ಡ್ ಕೋಡ್ ಕೊಡುವ ರಕ್ಷಣೆ ಗಡಿಯವರೆಗೆ ಮಾತ್ರ. ಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು 1997ರಲ್ಲಿದ್ದವೇ ಇಂದಿಗೂ ಉಳಿದಿವೆ: ಇದರ ಅಳತೆ ಎಷ್ಟು, ಇದು ಯಾವ ಲಿಪಿಕ್ರಮದಲ್ಲಿದೆ, ಇದರ ಒಡೆಯರು ಯಾರು? ಉತ್ತರಗಳನ್ನು ಬರೆದಿಟ್ಟು ಎಲ್ಲರಿಗೂ ತಿಳಿಸಿದಲ್ಲಿ ಭಾಷೆ ಯಾವುದಾದರೂ ಸಂದೇಶ ತಲುಪುತ್ತದೆ. ಕ್ರಮವಿಧಿ ರಚನೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ತಮ್ಮ ಮೊದಲ ಪರೀಕ್ಷೆಯನ್ನು ಕನ್ನಡದ ಒಂದು ಪದ ಕಳುಹಿಸಿಯೇ ಮಾಡಿ ನೋಡಬಹುದು.