ವಿಕಲ್ಪ (ಗಣಿತ)

ಒಂದು ಗುಂಪಿನಿಂದ ಕೆಲವರನ್ನು ಕ್ರಮ ಲೆಕ್ಕಿಸದೆ ಆರಿಸುವ ಬಗೆಗಳ ಎಣಿಕೆಗೆ ವಿಕಲ್ಪ ಎಂದು ಹೆಸರು. ಹತ್ತು ಜನರ ಸಂಘದಲ್ಲಿ ಅಧ್ಯಕ್ಷ ಮತ್ತು ಉಪಾಧ್ಯಕ್ಷರನ್ನು ಆರಿಸಲು 90 ಬಗೆಗಳಿವೆ; ಸಮಾನ ಸ್ಥಾನದ ಇಬ್ಬರು ಪ್ರತಿನಿಧಿಗಳು ಸಾಕೆಂದರೆ 45 ಮಾತ್ರ. ಮೊದಲನೆಯದು ಕ್ರಮಯೋಜನೆ, ಎರಡನೆಯದು ವಿಕಲ್ಪ. ಇವೆರಡನ್ನು ಬೇರ್ಪಡಿಸಿ ನೋಡುವುದೇ ಈ ವಿಷಯದ ಜೀವಾಳ.

ಚಾಮರಾಜನಗರ ಜಿಲ್ಲೆಯ ಮೂರು ತಾಲ್ಲೂಕುಗಳಿಂದ ಸಮಿತಿಯೊಂದಕ್ಕೆ ಹೆಸರುಗಳು ಬಂದಿವೆ ಎನ್ನೋಣ: ಕೊಳ್ಳೇಗಾಲದಿಂದ 6, ಹನೂರಿನಿಂದ 5, ಯಳಂದೂರಿನಿಂದ 4. ಆರು ಸದಸ್ಯರು ಬೇಕು. ಯಾವ ಷರತ್ತೂ ಇಲ್ಲದಿದ್ದರೆ 15 ಜನರಿಂದ 5005 ಸಮಿತಿಗಳು ಸಾಧ್ಯ. ಪ್ರತಿ ತಾಲ್ಲೂಕಿಗೂ ಇಬ್ಬರೆಂದರೆ 15 × 10 × 6, ಅಂದರೆ 900. ಯಳಂದೂರಿನವರು ಒಬ್ಬರಾದರೂ ಇರಲೇಬೇಕೆಂದರೆ ನೇರವಾಗಿ ಎಣಿಸುವುದು ದೀರ್ಘ ದಾರಿ. ಅವರು ಯಾರೂ ಇಲ್ಲದ 462 ಸಮಿತಿಗಳನ್ನು ಒಟ್ಟಿನಿಂದ ಕಳೆದರೆ 4543 ಎಂದು ಉತ್ತರ ಸಿಗುತ್ತದೆ. ಕಳೆದು ಎಣಿಸುವ ಈ ಸೊಗಸಾದ ಉಪಾಯವನ್ನು ವಿದ್ಯಾರ್ಥಿಗಳು ಮೊದಲೇ ರೂಢಿಸಿಕೊಳ್ಳುವುದು ಒಳ್ಳೆಯದು.

ವಿಕಲ್ಪದ ಸಾಮಾನ್ಯ ಸೂತ್ರ ಕನ್ನಡ ನಾಡಿಗೆ ಹಳೆಯ ಪರಿಚಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ, ಸು. 850ರ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ಸಂಸ್ಕೃತದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ: ಒಟ್ಟು ಸಂಖ್ಯೆಯಿಂದ ಒಂದೊಂದೇ ಇಳಿಯುತ್ತ ಬೇಕಾದಷ್ಟು ಅಂಕಿಗಳನ್ನು ಗುಣಿಸಿ, ಒಂದರಿಂದ ಏರುವ ಅಷ್ಟೇ ಅಂಕಿಗಳ ಗುಣಲಬ್ಧದಿಂದ ಭಾಗಿಸಬೇಕು. ಅವನ ಉದಾಹರಣೆಗಳಲ್ಲಿ ಆರು ರುಚಿಗಳ ಬೆರಕೆಯೂ ಒಂದು, ಉತ್ತರ 63.